ಕಿತ್ತಳೆ ಅಂಗಿ ತೊಟ್ಟಾಗ

ಏಪ್ರಿಲ್ 8, ಸೋಮವಾರ

ದೇವರ ಹೆಸರು ಹೇಳಿ ಶುರು ಮಾಡುತ್ತೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಇಲ್ಲಿ ರೈಲಿನ ಪಾಠ ಹೇಳುವ ಮೇಷ್ಟ್ರು ಇಂದು ಮಕ್ಕಳಿಗೆಲ್ಲ ಒಂದೊಂದು ನೋಟ್‌ಬುಕ್ ಕೊಟ್ಟು, ದಿನಾ ಕಂಡದ್ದನ್ನು ಬರೆಯಿರಿ ಅಂದರು. ತಂದದ್ದು ಹದಿಮೂರು, ಮಕ್ಕಳು ಹನ್ನೆರಡು. ಉಳಿದದ್ದನ್ನು ನಾನು ಕೇಳಿದೆ. "ಅಡುಗೆ ಸಾಮಾನಿನ ಪಟ್ಟಿ ಬರೆಯೋಕಾ ಅಮ್ಮ?" ಅಂದರು. ಹೌದು ಅಂದೆ. ಮೊದಲ ದಿನವೇ ಒಂದು ಸುಳ್ಳಾಯಿತು. ದೇವರೇ, ಕ್ಷಮಿಸು.

ನಾವು ಇಲ್ಲಿಗೆ ಬಂದದ್ದು ಹೀಗೆ. ಗುಡ್ಡದ ಮೇಲಿನ ನಮ್ಮ ನಾಲ್ಕು ಊರುಗಳ ಹುಡುಗ ಹುಡುಗಿಯರನ್ನು ಕರೆಸಿ, ರೈಲಿನಲ್ಲಿ ಏನೇನು ಕೆಲಸ ಇರುತ್ತದೆ ಅಂತ ಆರು ವಾರ ತೋರಿಸುತ್ತಾರೆ. ಗೇಟಿಗೆ ಬಟ್ಟೆ ಕಟ್ಟಿದ್ದಾರೆ: "ಅಡವಿಯ ಮೂಲಜನರ ಮಕ್ಕಳಿಗೆ ರೈಲ್ವೆ ಉದ್ಯೋಗ ಪರಿಚಯ." ಒಂದು ಎಂಜಿನ್ನಿನ ಚಿತ್ರ, ಪಕ್ಕದಲ್ಲಿ ಒಂದು ಜಿಂಕೆ. ಜಿಂಕೆ ಯಾಕೆ ಬಂತೋ ಬರೆದವನನ್ನೇ ಕೇಳಬೇಕು. ಕೊನೆಗೊಂದು ಪರೀಕ್ಷೆ. ಪಾಸಾದವರಿಗೆ ಎರಡು ವರ್ಷ ಇಲ್ಲೇ ತರಬೇತಿ, ಆಮೇಲೆ ಕೆಲಸ. ಜೊತೆಗೊಬ್ಬಳು ಹಿರಿಯ ಹೆಂಗಸು ಹೋಗದಿದ್ದರೆ ಹುಡುಗಿಯರನ್ನು ಕಳಿಸುವುದಿಲ್ಲ ಅಂತ ನಮ್ಮವರು ಪಟ್ಟು ಹಿಡಿದರು. ಹಾಗೆ ನಾನು ಅಡುಗೆಯವಳಾಗಿ ಬಂದೆ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಮಿಡತೆಗಾಗಿ. ಅವಳು ನನ್ನ ಅಕ್ಕನ ಮಗಳು. ನಿಂತಲ್ಲಿ ನಿಲ್ಲದವಳು ಅಂತ ಊರಿಗೆ ಊರೇ ಮಿಡತೆ ಅಂತ ಕರೆಯುತ್ತದೆ. ಅಕ್ಕ ತೀರಿಕೊಂಡಾಗ ಅವಳಿಗೆ ಮೂರು ವರ್ಷ, ಈಗ ಹತ್ತೊಂಬತ್ತು. ನನಗೆ ನನ್ನವು ಅಂತ ಮಕ್ಕಳಿಲ್ಲ. ಅದಕ್ಕೇ ಇಂದು ದೀಪ ಹಚ್ಚಿ ದೇವರನ್ನು ನೇರವಾಗಿ ಕೇಳಿಕೊಂಡೆ: ಇವಳು ಎಲ್ಲಾ ನೋಡಲಿ, ಎಲ್ಲಾ ಕಲಿಯಲಿ, ಪರೀಕ್ಷೆಯೊಂದು ಪಾಸಾಗುವುದು ಬೇಡ. ಆರು ವಾರ ಕಳೆದ ಮೇಲೆ ಇಬ್ಬರೂ ಒಂದೇ ಗಾಡಿಯಲ್ಲಿ ಮನೆಗೆ ಹೋಗಬೇಕು.

ಏಪ್ರಿಲ್ 10, ಬುಧವಾರ

ಅಡುಗೆಮನೆಯ ಗೋಡೆಯಾಚೆ ನಲವತ್ತು ಹೆಜ್ಜೆಗೆ ಹಳಿ. ಗಾಡಿ ಬಂತೆಂದರೆ ನೆಲ ನಡುಗುತ್ತದೆ, ಗೂಡಿನ ಪಾತ್ರೆಗಳೆಲ್ಲ ಗಡಗಡ ಅನ್ನುತ್ತವೆ. ಬಿದ್ದು ಒಡೆದರೆ ಯಾರು ಉತ್ತರ ಕೊಡುವುದು? ಸದ್ದು ಕೇಳಿದಾಗಲೆಲ್ಲ ಓಡಿಹೋಗಿ ಎಲ್ಲವನ್ನೂ ನೆಲಕ್ಕಿಳಿಸಿದೆ. ಗಾಡಿ ಹೋದಮೇಲೆ ಮತ್ತೆ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದುಹೋಯಿತು.

ಮಿಡತೆ ಬಾಗಿಲಲ್ಲಿ ನಿಂತು ನೋಡಿ, "ಯಾಕೆ ಚಿಕ್ಕಮ್ಮ, ಪಾತ್ರೆಗಳೂ ಗಾಡಿ ಹತ್ತಬೇಕು ಅಂತಾವಾ?" ಅಂದಳು. ಸೌಟು ತೋರಿಸಿದೆ, ಓಡಿಹೋದಳು.

ಏಪ್ರಿಲ್ 13, ಶನಿವಾರ

ಇಂದು ಮಕ್ಕಳನ್ನು ಎಂಜಿನ್ ಹತ್ತಿಸಿದರು. ನಾನು ಬರುವುದಿಲ್ಲ ಅಂದೆ. ಆದರೆ ಹುಡುಗಿಯರು ಎಲ್ಲಿರುತ್ತಾರೋ ಅಲ್ಲಿ ಇರುತ್ತೇನೆ ಅಂತ ಊರಿನಲ್ಲಿ ಮಾತು ಕೊಟ್ಟು ಬಂದವಳು, ಇನ್ನೇನು ಮಾಡಲಿ, ದೇವರನ್ನು ನೆನೆದು ಹತ್ತಿದೆ. ಆ ಮೆಟ್ಟಿಲು ಮಾಡಿದವನಿಗೆ ಐವತ್ತು ವರ್ಷದ ಮಂಡಿ ಹೇಗಿರುತ್ತದೆ ಅಂತ ಗೊತ್ತಿಲ್ಲ.

ಒಳಗೆ ನನ್ನ ವಯಸ್ಸಿನ ಡ್ರೈವರ್. ಪಕ್ಕದಲ್ಲಿ ಅವರ ಅಸಿಸ್ಟೆಂಟು, ಮೂವತ್ತರ ಹೆಂಗಸು. ಹೆಂಗಸು! ಮಿಡತೆ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಗಾಡಿ ಹೊರಟಿತು. ಡ್ರೈವರ್ "ಸಿಗ್ನಲ್ ಹಸಿರು" ಅಂದರು. ಅವಳೂ "ಸಿಗ್ನಲ್ ಹಸಿರು" ಅಂದಳು. ಅವರು "ಮುಂದೆ ಹಳದಿ" ಅಂದರು. ಅವಳೂ "ಮುಂದೆ ಹಳದಿ" ಅಂದಳು. ನನಗೆ ಮೈಯೆಲ್ಲ ಮುಳ್ಳೆದ್ದಿತು. ಹಿರಿಯರ ಮಾತನ್ನು ಅವರ ಮುಖಕ್ಕೇ ತಿರುಗಿ ಹೇಳುವುದೆಂದರೆ ನಮ್ಮಲ್ಲಿ ಅಣಕಿಸಿದ ಹಾಗೆ. ಹಿರಿಯರು ಹೇಳಿದ್ದು ಒಪ್ಪಿಗೆಯಾದರೆ ಕಿರಿಯರು ಸುಮ್ಮನಿರುತ್ತಾರೆ, ಸುಮ್ಮನೆ ಎದ್ದು ಮಾಡುತ್ತಾರೆ. ಸುಮ್ಮನಿದ್ದರೆ ಹೂಂ ಅಂತಲೇ ಲೆಕ್ಕ.

ಡ್ರೈವರಿಗೆ ಸಿಟ್ಟೇ ಬರಲಿಲ್ಲ. ಪಾಪ, ಸಾಧು ಮನುಷ್ಯ.

ಏಪ್ರಿಲ್ 17, ಬುಧವಾರ

ಮೇಷ್ಟ್ರು ಅಡುಗೆಮನೆಗೆ ಬಂದು, ಮೊರದಲ್ಲಿದ್ದ ಬಟಾಣಿ ಬಿಡಿಸುತ್ತಾ ಕೂತರು. ಅವರಿಗೆ ಏನೋ ಹೇಳಲಿಕ್ಕಿದೆ ಅಂತ ಆಗಲೇ ಗೊತ್ತಾಯಿತು.

"ಅಮ್ಮ, ನಿಮ್ಮ ಹುಡುಗಿಗೆ ಕಿವಿ ಸರಿಯಾಗಿದೆ ತಾನೆ?"

"ಗುಡ್ಡದಾಚೆ ಜೇನು ಹಾರಿದರೆ ಇಲ್ಲಿ ಕೇಳಿಸಿಕೊಳ್ತಾಳೆ."

"ಮತ್ತೆ ಯಾಕೆ ಕಲ್ಲಿನ ಹಾಗೆ ಕೂತಿರ್ತಾಳೆ? ರೈಲಿನಲ್ಲಿ ಹೇಳಿದ್ದನ್ನು ತಿರುಗಿ ಹೇಳಲೇಬೇಕು. 'ಎರಡನೇ ಲೈನಿಗೆ ಪಾಯಿಂಟ್ ಹಾಕು', ಅಂದರೆ ಗಾಡಿ ಆ ಹಳಿಗೆ ತಿರುಗೋ ಹಾಗೆ ಮಾಡು, ಅಂತ ನಾನಂದರೆ, 'ಎರಡನೇ ಲೈನಿಗೆ ಪಾಯಿಂಟ್ ಹಾಕ್ತೀನಿ' ಅನ್ನಬೇಕು. ಉಳಿದವರು ಮೊದಲು ಹಾಗೇ ಇದ್ದರು. ಈಗ ಗೊಣಗುಟ್ಟಿಕೊಂಡಾದರೂ ಹೇಳ್ತಾರೆ. ಇವಳು ತುಟಿ ಬಿಚ್ಚಲ್ಲ, ಹೋಗಿ ಕೆಲಸ ಮಾತ್ರ ಸರಿಯಾಗಿ ಮಾಡಿ ಬರ್ತಾಳೆ. ಹಾಗಾದರೆ ನಾನು ಸೊನ್ನೆ ಹಾಕಬೇಕಾಗುತ್ತೆ. ಇದೇನು ಸೊಕ್ಕಾ, ಹೆದರಿಕೆಯಾ?"

ನನಗೆ ಎಲ್ಲಾ ತಿಳಿಯಿತು. ಮಿಡತೆ ಐದು ವರ್ಷದವಳಿದ್ದಾಗ ಆಟಕ್ಕೆ ಅಂತ ಅಜ್ಜನ ಮಾತನ್ನು ತಿರುಗಿ ಹೇಳಿದಳು. ನಾನು ರಟ್ಟೆ ಹಿಡಿದು ಅಂಗಳದಲ್ಲಿ ನಿಲ್ಲಿಸಿದ್ದೆ, ನೆರಳು ಹೊಸ್ತಿಲು ಮುಟ್ಟುವವರೆಗೂ. ಆಮೇಲೆ ಒಂದು ದಿನವೂ ಹಾಗೆ ಮಾಡಲಿಲ್ಲ. ಉಳಿದ ಮಕ್ಕಳನ್ನು ಅವರವರ ಮನೆಯಲ್ಲಿ ಅಷ್ಟು ಬಿಗಿಯಾಗಿ ಬೆಳೆಸಿಲ್ಲ.

ಹೇಳಬಹುದಿತ್ತು. ನಾನು ಹೇಳಿದ್ದು, "ಮೊದಲಿಂದ ಮಾತು ಕಮ್ಮಿ ಮೇಷ್ಟ್ರೇ."

ಮಿಡತೆಗೆ ಮಾತು ಕಮ್ಮಿ! ಕೇಳಿದ್ದನ್ನು ದೇವರು ಕೊಡುತ್ತಿದ್ದಾನೆ. ಆದರೂ ಬಟಾಣಿ ಇಂದು ತಳ ಹಿಡಿಯಿತು.

ಏಪ್ರಿಲ್ 22, ಸೋಮವಾರ

ಹುಡುಗಿಯೊಬ್ಬಳು ತಟ್ಟೆ ಇಟ್ಟು, "ಅಮ್ಮ, ಗಾಡಿ ಬಂತು, ಪಾತ್ರೆ ಇಳಿಸಲಾ?" ಅಂದಳು. ಬೇಡ, ಅದು ಹನ್ನೊಂದರ ಗೂಡ್ಸು, ಖಾಲಿ ಹೋಗುತ್ತಿದೆ, ಏನೂ ಬೀಳುವುದಿಲ್ಲ ಅಂದೆ. ಇಳಿಸಬೇಕಾದ್ದು ಒಂದೂವರೆಯ ಕಲ್ಲಿದ್ದಲು ಗಾಡಿಗೆ ಮಾತ್ರ. ಅದೂ ಮೇಲಿನ ಗೂಡಿನದು.

ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ. ಹೊಸ ಜಾಗ, ಅದಕ್ಕಿರಬೇಕು.

ಏಪ್ರಿಲ್ 24, ಬುಧವಾರ

ಮಕ್ಕಳನ್ನು ಹಳಿಯ ಮೇಲೆ ನಡೆಸಿದರು. ನಾನೂ ಬುತ್ತಿ ಹೊತ್ತು ಹಿಂದೆ ಹೋದೆ. ಮುಂದೆ ಸುತ್ತಿಗೆಯಣ್ಣ. ಮೂವತ್ತು ವರ್ಷದಿಂದ ದಿನಾ ಹಳಿ ನೋಡುತ್ತಾ ನಡೆಯುವುದೇ ಅವರ ಕೆಲಸ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಇಲ್ಲದೆ ಅವರನ್ನು ಯಾರೂ ಕಂಡಿಲ್ಲವಂತೆ. ಹಳಿಯನ್ನು ಕೆಳಗಿನ ತೊಲೆಗೆ ಹಿಡಿದಿಡಲು ಕಬ್ಬಿಣದ ಕ್ಲಿಪ್ಪು ಇರುತ್ತದೆ. ಅವರು ಒಂದೊಂದಕ್ಕೂ ಟಣ್ ಅಂತ ಬಡಿದು ಹೋಗುತ್ತಾರೆ. ಬಿಗಿ ಇದ್ದರೆ ಒಂದು ಸದ್ದು, ಸಡಿಲ ಇದ್ದರೆ ಇನ್ನೊಂದು.

ಮಿಡತೆ ಎಲ್ಲರ ಹಿಂದೆ, ನನ್ನ ಜೊತೆ ಬರುತ್ತಿದ್ದಳು. ತಟ್ಟನೆ ನಿಂತಳು. ವಾಪಸು ಹತ್ತು ಹೆಜ್ಜೆ ಹೋಗಿ ಒಂದು ಕ್ಲಿಪ್ಪಿನ ಮೇಲೆ ಕೈಯಿಟ್ಟು ಸುತ್ತಿಗೆಯಣ್ಣನ ಕಡೆ ನೋಡಿದಳು. ಅವರು ಬಂದು ಮತ್ತೆ ಬಡಿದರು, ಬಗ್ಗಿ ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನಾನು ಬಿಟ್ಟುಹೋಗಿದ್ದೆ ಕಣಮ್ಮ. ಈ ಕಿವಿ ನನಗೆ ಬರೋಕೆ ಹತ್ತು ವರ್ಷ ಹಿಡೀತು." ಆಮೇಲೆ ನನ್ನ ಕಡೆ ತಿರುಗಿ, "ಏನಕ್ಕ, ಇವಳಿಗೆ ಏನು ತಿನ್ನಿಸಿ ಬೆಳೆಸಿದ್ದೀರಿ?" ಅಂದರು.

"ಬೈಗುಳ," ಅಂದೆ.

ಎಲ್ಲರೂ ನಕ್ಕರು. ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಬರುವಾಗ ಅವರು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ಕಿವಿ ಇದ್ದು ಬಾಯಿ ಇಲ್ಲದಿದ್ದರೆ ಲೈನಿನ ಮೇಲೆ ಇಟ್ಟುಕೊಳ್ಳಲ್ಲ ಅಕ್ಕ. ಕೇಳಿಸಿಕೊಂಡಳು ಅಂತ ಆಚೆಯವರಿಗೆ ಹೇಗೆ ಗೊತ್ತಾಗಬೇಕು?"

ಏಪ್ರಿಲ್ 29, ಸೋಮವಾರ

ಮೇಷ್ಟ್ರು ಅವಳನ್ನು ಕರೆದು ಕಡೆಯ ಮಾತು ಹೇಳಿದರು. ಬರುವ ಸೋಮವಾರದೊಳಗೆ ಬಾಯಿ ಬಿಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸುಮ್ಮನೆ ನಿಂತು ಕೇಳಿದಳಂತೆ. ಮನೆಯಲ್ಲಾಗಿದ್ದರೆ ಅದು ಒಪ್ಪಿಗೆ. ಇಲ್ಲಿ ಅದನ್ನು ಮೊಂಡು ಅನ್ನುತ್ತಾರೆ.

ಸಂಜೆ ನನ್ನ ಪಕ್ಕ ಕೂತು ಈರುಳ್ಳಿ ಹೆಚ್ಚಿದಳು. ಅಳುವುದಕ್ಕೆ ಒಳ್ಳೆಯ ಕೆಲಸ ಅದು, ಯಾರೂ ಯಾಕೆ ಅಂತ ಕೇಳುವುದಿಲ್ಲ. ಹದಿನೈದು ಜನಕ್ಕಾಗುವಷ್ಟು ಸಾಕಿತ್ತು, ಐವತ್ತು ಜನಕ್ಕಾಗುವಷ್ಟು ಹೆಚ್ಚಿದಳು.

ದೇವರೇ, ನಾನು ಹೀಗೆ ಕೇಳಿರಲಿಲ್ಲ. ಕೇಳಿದ್ದೆ. ಹೀಗೆ ಅಂತ ಗೊತ್ತಿರಲಿಲ್ಲ.

ಮೇ 1, ಬುಧವಾರ

ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ, ಇಬ್ಬರೂ ವಾಪಸು ಬರುತ್ತೇವೆ ಅಂತ ನಮ್ಮನೆಯವರಿಗೆ ಹೇಳಲಿಕ್ಕೆ. ಎತ್ತಿದ್ದು ಮೈದುನ.

"ಅತ್ತಿಗೆ, ಅಣ್ಣ ಹಗ್ಗದಲ್ಲಿದ್ದಾನೆ. ತಾಳಿ, ಇಡಬೇಡಿ," ಅಂದು ಫೋನನ್ನು ಹಾಗೇ ಜೇಬಿಗೆ ಹಾಕಿಕೊಂಡ.

ಈಗ ಜೇನು ಇಳಿಸುವ ಕಾಲ. ಬಂಡೆಯ ನೆತ್ತಿಯಲ್ಲಿ ಮೈದುನ ಹಗ್ಗ ಹಿಡಿದಿರುತ್ತಾನೆ, ಕೆಳಗೆ ನಮ್ಮನೆಯವರು ಜೇನುಹುಟ್ಟಿನ ಮುಂದೆ ನೇತಾಡುತ್ತಿರುತ್ತಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಜೇಬಿನೊಳಗಿಂದ ನನಗೆಲ್ಲಾ ಕೇಳಿಸಿತು.

ಕೆಳಗಿಂದ: "ಎರಡು ಮೊಳ ಬಿಡು!"

ಮೇಲಿಂದ: "ಎರಡು ಮೊಳ ಬಿಡ್ತೀನಿ!"

"ನಿಲ್ಲಿಸು!"

"ನಿಲ್ಲಿಸಿದೆ!"

ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ತಮ್ಮ ಅಣ್ಣನ ಮಾತನ್ನು ತಿರುಗಿ ಹೇಳುತ್ತಾನೆ. ಅವನನ್ನು ಯಾರೂ ಅಂಗಳದಲ್ಲಿ ನಿಲ್ಲಿಸಿಲ್ಲ. ತಿರುಗಿ ಹೇಳದಿದ್ದರೆ ನಿಲ್ಲಿಸುತ್ತಿದ್ದರು. ನಾನೇ ಮೊದಲು ನಿಲ್ಲಿಸುತ್ತಿದ್ದೆ. ಯಾಕೆಂದರೆ ಹಗ್ಗದ ತುದಿಯಲ್ಲಿ ಇರುವುದು ನನ್ನ ಗಂಡ.

ಅಷ್ಟರಲ್ಲಿ ಹನ್ನೊಂದರ ಗೂಡ್ಸು ಬಂತು. ಕಿಟಕಿಯಲ್ಲಿ ನೋಡಿದೆ. ಕೊನೆಯ ಡಬ್ಬಿಯಲ್ಲಿ ಗಾರ್ಡು ಒಬ್ಬರೇ ನಿಂತಿದ್ದರು. ಮುಂದೆ ಎಲ್ಲೋ ಡ್ರೈವರು. ಒಬ್ಬರಿಗೊಬ್ಬರು ಕಾಣುವುದಿಲ್ಲ.

ನಮ್ಮನೆಯವರು ಹಗ್ಗ ಹತ್ತಿ ಮೇಲೆ ಬಂದು ಫೋನ್ ತೆಗೆದುಕೊಂಡು, "ಏನೇ, ಏನಾಯ್ತು?" ಅಂದರು.

"ಏನಿಲ್ಲ. ಜೇನು ಹೇಗಿದೆ?" ಅಂದೆ.

ಮೇ 2, ಗುರುವಾರ

ಮೇಷ್ಟ್ರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲಾ ಹೇಳಿದೆ. ಅಜ್ಜನ ಮಾತು, ಅಂಗಳ, ನೆರಳು, ಹಗ್ಗ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಇದನ್ನ ಎರಡು ವಾರದ ಹಿಂದೆ ಹೇಳಬಾರದಿತ್ತಾ ಅಮ್ಮ?"

"ಹೇಳಬಾರದು ಅಂತಲೇ ಹೇಳಿರಲಿಲ್ಲ ಮೇಷ್ಟ್ರೇ. ಅವಳು ಪಾಸಾಗೋದು ನನಗೆ ಬೇಡವಾಗಿತ್ತು."

ಬೈಯುತ್ತಾರೆ ಅಂದುಕೊಂಡೆ. "ನಮ್ಮಮ್ಮನೂ ನಾನು ಕೆಲಸಕ್ಕೆ ಸೇರುವ ದಿನ ನನ್ನ ಶೂ ಬಚ್ಚಿಟ್ಟಿದ್ದರು," ಅಂದರು. ಆಮೇಲೆ, "ಆದರೆ ನಿಯಮ ಬದಲಿಸೋಕೆ ನನ್ನಿಂದಾಗಲ್ಲ."

"ನೀವು ಬದಲಿಸಬೇಡಿ. ಕಟ್ಟಿದ್ದು ನಾನು, ಬಿಚ್ಚೋದೂ ನಾನೇ."

ಮೇ 3, ಶುಕ್ರವಾರ

ಮಿಡತೆಯನ್ನು ಅಡುಗೆಮನೆಗೆ ಕರೆದೆ. ಲೈನಿನ ಮೇಲೆ ಹೋಗುವಾಗ ಮಕ್ಕಳಿಗೆಲ್ಲ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಕೊಟ್ಟಿದ್ದಾರೆ, ದೂರದಿಂದ ಕಾಣಲಿ ಅಂತ. ಅದನ್ನು ತೊಟ್ಟು ಬಾ ಅಂದೆ. ತೊಟ್ಟು ಬಂದಳು.

"ಎರಡು ಕೊಡ ನೀರು ತಗೊಂಡು ಬಾ."

ಸುಮ್ಮನೆ ಕೊಡ ಎತ್ತಿಕೊಂಡಳು.

"ನಿಲ್ಲು. ನಾನೇನು ಹೇಳಿದೆ?"

ಅವಳ ಮುಖ ನೋಡಬೇಕಿತ್ತು. ನನ್ನ ಕೆನ್ನೆಗೆ ಹೊಡಿ ಅಂತ ಹೇಳಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

"ಚಿಕ್ಕಮ್ಮ, ನಿಮ್ಮ ಮಾತನ್ನ ನಾನು ಹೇಗೆ..."

"ನಿಮ್ಮ ಚಿಕ್ಕಪ್ಪ ಹಗ್ಗದಲ್ಲಿ ಕೂಗಿದಾಗ ಮೇಲಿನವರು ಸುಮ್ಮನಿರ್ತಾರಾ?"

"ಅದು ಹಗ್ಗ."

"ಇದೂ ಹಗ್ಗವೇ ಕಣೇ. ಇದರ ತುದಿಗೆ ಗಾಡಿಗಟ್ಟಲೆ ಜನ ನೇತಾಡ್ತಿದ್ದಾರೆ. ಈ ಅಂಗಿ ತೊಟ್ಟಾಗ ನೀನು ಬಂಡೆ ನೆತ್ತಿಯಲ್ಲಿದ್ದೀಯ, ಹೇಳಿದ್ದನ್ನ ತಿರುಗಿ ಹೇಳಬೇಕು. ಬಿಚ್ಚಿದಾಗ ಮನೆಯಲ್ಲಿದ್ದೀಯ, ಮೊದಲಿನ ಹಾಗೇ ಇರು. ಈಗ ಹೇಳು."

ಹೊರಗೆ ಒಂದು ಗಾಡಿ ಪೂರಾ ಹೋಯಿತು. ಆಮೇಲೆ, ಇರುವೆಗೆ ಕೇಳಿಸುವಷ್ಟು: "ಎರಡು ಕೊಡ ನೀರು ತರ್ತೀನಿ."

"ಬಂಡೆ ಕೆಳಗಿನವರಿಗೆ ಕೇಳಿಸ್ಲಿಲ್ಲ!"

"ಎರಡು ಕೊಡ ನೀರು ತರ್ತೀನಿ!" ಅಂತ ಕಿರುಚಿದಳು. ಬಾಗಿಲಲ್ಲಿ ಸೌದೆಯವನು ಬೆಚ್ಚಿ ಹೊರೆ ಕೆಡವಿದ. ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಕಣ್ಣಲ್ಲಿ ಯಾಕೆ ನೀರು ಬಂತೋ, ಇಂದು ಈರುಳ್ಳಿಯೂ ಇರಲಿಲ್ಲ.

ಮೇ 8, ಬುಧವಾರ

ಸಾಕಪ್ಪಾ ಸಾಕು. ಸೋಮವಾರ ಮೇಷ್ಟ್ರ ಮುಂದೆ ಬಾಯಿ ಬಿಟ್ಟಿದ್ದಾಳೆ, ಪರೀಕ್ಷೆಗೆ ಕೂರಿಸುತ್ತಾರೆ, ಅದೇನೋ ಸರಿ. ಆದರೆ ಈಗ ಆ ಅಂಗಿ ಮೈಮೇಲಿಂದ ಇಳಿಯುವುದೇ ಇಲ್ಲ.

"ಒಲೆ ಹತ್ತಿರ ಬರಬೇಡ," ಅಂದೆ.

"ಒಲೆ ಹತ್ತಿರ ಬರಲ್ಲ!"

"ಮೆತ್ತಗೆ ಮಾತಾಡೇ."

"ಮೆತ್ತಗೆ ಮಾತಾಡ್ತೀನಿ!" ಗೋಡೆ ಬಿರಿಯುವ ಹಾಗೆ.

"ನಿನಗೆ ನಾಲ್ಕು ಬಿಡ್ತೀನಿ ನೋಡು."

"ನಾಲ್ಕು ಬಿಡ್ತೀರಿ, ಸರಿ, ಯಾವ ಲೈನಿಗೆ ಬಿಡ್ತೀರಿ?"

ಹುಡುಗರೂ ಸೇರಿಕೊಂಡಿದ್ದಾರೆ. ಉಪ್ಪು ಕೊಡು ಅಂದರೆ ಹನ್ನೆರಡು ಬಾಯಿ ಉಪ್ಪು ಕೊಡ್ತೀನಿ ಅನ್ನುತ್ತವೆ, ಒಂದು ಕೈಯೂ ಉಪ್ಪಿನ ಹತ್ತಿರ ಹೋಗುವುದಿಲ್ಲ.

ಮೇ 15, ಬುಧವಾರ

ಪರೀಕ್ಷೆ. ನಸುಕಿಗೇ ದೀಪ ಹಚ್ಚಿದೆ. ಏನು ಕೇಳಿಕೊಳ್ಳಬೇಕೆಂದು ತಿಳಿಯದೆ, "ನಿನಗೇ ಗೊತ್ತು" ಅಂದು ಎದ್ದೆ.

ಯಾರ್ಡಿನಲ್ಲಿ ನಾಲ್ಕು ಲೈನು. ನಾಲ್ಕನೆಯದು ಖಾಲಿ. ಮೂರನೆಯದರಲ್ಲಿ ಸುತ್ತಿಗೆಯಣ್ಣ ತನ್ನವರ ಜೊತೆ ಕ್ಲಿಪ್ಪು ಬಿಗಿಯುತ್ತಿದ್ದರು, ಹಳಿ ಮಧ್ಯೆ ಕೆಂಪು ಬಾವುಟ ನೆಟ್ಟಿದ್ದರು. ದೂರದಲ್ಲಿ ಒಂದು ಎಂಜಿನ್ ನಿಂತಿತ್ತು. ಹೇಳಿದ ಲೈನಿಗೆ ಪಾಯಿಂಟ್ ಹಾಕಿ, ಎಂಜಿನ್ನಿಗೆ ಹಸಿರು ಬಾವುಟ ತೋರಿಸುವುದು ಪರೀಕ್ಷೆ. ಮೇಲಿನಿಂದ ದೊಡ್ಡ ಸಾಹೇಬರು ಬಂದಿದ್ದರು, ಬೆಳ್ಳಗಿನ ಕೂದಲು, ಮೇಷ್ಟ್ರೇ ಅವರ ಮುಂದೆ ಕೈಕಟ್ಟಿ ನಿಂತಿದ್ದರು. ನಾನು ಚಹಾದ ತಟ್ಟೆ ಹಿಡಿದು ಹಿಂದೆ.

ಮಿಡತೆಯ ಸರದಿ ಬಂತು. ಸಾಹೇಬರು ಚಹಾ ತೆಗೆದುಕೊಳ್ಳುತ್ತಾ, ಕಪ್ಪಿನ ಮೇಲೆ ಕಣ್ಣಿಟ್ಟು ಹೇಳಿದರು: "ಎಂಜಿನ್ ಮೂರನೇ ಲೈನಿಗೆ ತಗೋ."

ನನ್ನ ಕೈಯಲ್ಲಿ ಕಪ್ಪುಗಳು ಗಡಗಡ ಅಂದವು. ಗಾಡಿ ಯಾವುದೂ ಬಂದಿರಲಿಲ್ಲ. ಮೂರರಲ್ಲಿ ಜನ ಇದ್ದಾರೆ. ಸಾಹೇಬರಿಗೆ ಬಾಯಿ ತಪ್ಪಿತು ಅಂತ ನನಗೇ ಗೊತ್ತಾಯಿತು. ಹಳೆಯ ಮಿಡತೆಯಾಗಿದ್ದರೆ ಸುಮ್ಮನಿರುತ್ತಿದ್ದಳು. ಎಂಜಿನ್ನನ್ನು ಹೇಗೂ ಬಿಡುತ್ತಿರಲಿಲ್ಲ, ಅಲ್ಲೇ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಮೊಂಡಿ ಅಂತ ಸೊನ್ನೆ ಹಾಕುತ್ತಿದ್ದರು.

ಅವಳು ಎದೆ ಎತ್ತಿ ನಿಂತಳು. "ಎಂಜಿನ್ ಮೂರನೇ ಲೈನಿಗೆ ತಗೋ ಅಂದಿರಿ ಸರ್!" ಇಡೀ ಯಾರ್ಡಿಗೆ ಕೇಳಿಸಿತು. ಸುತ್ತಿಗೆಯಣ್ಣ ಸುತ್ತಿಗೆ ಇಳಿಸಿ ತಲೆಯೆತ್ತಿದರು. "ಮೂರರಲ್ಲಿ ಕೆಲಸದವರ ಕೆಂಪು ಬಾವುಟ ಇದೆ ಸರ್. ಪಾಯಿಂಟ್ ಹಾಕಿಲ್ಲ. ಇನ್ನೊಂದು ಸಲ ಹೇಳಿ ಸರ್!"

ದೊಡ್ಡ ಸಾಹೇಬರಿಗೆ ಇನ್ನೊಂದು ಸಲ ಹೇಳಿ ಅನ್ನುತ್ತಾಳೆ! ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಸಾಹೇಬರು ಕಪ್ಪನ್ನು ನನ್ನ ತಟ್ಟೆಗೆ ವಾಪಸು ಇಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ, ಟೋಪಿ ಸರಿಮಾಡಿಕೊಂಡು, "ನಾಲ್ಕನೇ ಲೈನ್," ಅಂದರು.

"ನಾಲ್ಕನೇ ಲೈನ್ ಸರ್!"

"ಸರಿ."

ಸುತ್ತಿಗೆಯಣ್ಣ ಅಲ್ಲಿಂದಲೇ ಕೂಗಿದರು: "ಅಕ್ಕ, ಆ ಬೈಗುಳ ನನ್ನ ಮಗನಿಗೂ ಸ್ವಲ್ಪ ಕಟ್ಟಿಕೊಡಿ!"

ಮೇ 16, ಗುರುವಾರ

ಒಂಬತ್ತು ಮಕ್ಕಳು ಪಾಸು. ಪಟ್ಟಿಯಲ್ಲಿ ಮಿಡತೆಯದೇ ಮೊದಲ ಹೆಸರು. ದೇವರು ನನ್ನ ಮಾತು ನಡೆಸಲಿಲ್ಲ. ದೊಡ್ಡವನು.

ಆಷಾಢ ಕಳೆದ ಮೇಲೆ ಅಂತ ನಾನು, ಆಗಸ್ಟಿಗೆ ಅಂತ ಮೇಷ್ಟ್ರು, ಅಂತೂ ಹೊಸ ಮಕ್ಕಳು ಬರುತ್ತಾರಂತೆ. ಆಗ ನಾನೂ ಬರಬೇಕಂತೆ. ಅಡುಗೆಗಲ್ಲ, ಹಾಸ್ಟೆಲ್ ನೋಡಿಕೊಳ್ಳಲಿಕ್ಕೆ. ಮೊದಲ ವಾರ ಮಕ್ಕಳಿಗೆ ಆ ಹಗ್ಗದ ಪಾಠವನ್ನು ನಾನೇ ಹೇಳಿಕೊಡಬೇಕಂತೆ. ನನ್ನಂಥವಳಿಗೆ ಇದೆಲ್ಲ ಎಲ್ಲಿ ಆಗುತ್ತದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಬಂದರೆ ಮೊದಲು ಮೇಲಿನ ಗೂಡಿಗೆ ಒಂದು ಅಡ್ಡಪಟ್ಟಿ ಹೊಡೆಸಬೇಕು, ಕಲ್ಲಿದ್ದಲು ಗಾಡಿಗೆ.

ನಮ್ಮನೆಯವರಿಗೆ ಫೋನ್ ಮಾಡಿದೆ. "ನಾಳೆ ಎರಡೂ ಮುಕ್ಕಾಲರ ಗಾಡಿಗೆ ಹೊರಡ್ತೀನಿ, ಐದೂವರೆಗೆ ಗುಡ್ಡದ ಕೆಳಗಿನ ಸ್ಟೇಷನ್ನಿಗೆ ಬನ್ನಿ."

"ಹೂಂ."

"ಹೂಂ ಅಂದರೆ? ನಾನೇನು ಹೇಳಿದೆ, ತಿರುಗಿ ಹೇಳಿ."

ಆ ಕಡೆ ಮೈದುನ ಬಿದ್ದು ಬಿದ್ದು ನಗುವುದು ಕೇಳಿಸಿತು.

"ಐದೂವರೆ, ಕೆಳಗಿನ ಸ್ಟೇಷನ್ನು," ಅಂದರು. ಪಾಪ, ಸಾಧು ಮನುಷ್ಯ.

ಮೇ 17, ಶುಕ್ರವಾರ

ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಎಂಟು ನಿಮಿಷ ತಡವಾಗಿ ಹೊರಟಿತು. ಯಾಕೆ ಅಂತ ಗಾರ್ಡನ್ನು ಕೇಳಿದೆ, ಮುಂದೆ ಕೆಂಪು ಇತ್ತು ಅಂದರು. ಹಾಗಾದರೆ ಸರಿ.

ಮಿಡತೆ ಪ್ಲಾಟ್‌ಫಾರಂಗೆ ಕೆಲಸದ ನಡುವೆ ಓಡಿಬಂದಿದ್ದಳು, ಕಿತ್ತಳೆ ಅಂಗಿಯಲ್ಲೇ. ನಾನು ಕಿಟಕಿಯ ಕಂಬಿ ಹಿಡಿದು ಹೇಳಿದೆ, "ಹೊತ್ತಿಗೆ ಸರಿಯಾಗಿ ಊಟ ಮಾಡು."

"ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ!"

ಪಕ್ಕದ ಕಿಟಕಿಯವರೆಲ್ಲ ತಿರುಗಿ ನೋಡಿದರು.

"ದಿನಾ ದೀಪ ಹಚ್ಚು."

"ದಿನಾ ದೀಪ ಹಚ್ತೀನಿ!"

"ವಾರಕ್ಕೊಂದು ಸಲ ಫೋನ್ ಮಾಡು."

"ವಾರಕ್ಕೆರಡು ಸಲ ಫೋನ್ ಮಾಡ್ತೀನಿ!"

"ನೀನು ತಪ್ಪು ಹೇಳಿದೆ."

"ನೀವು ತಪ್ಪು ಹೇಳಿದ್ದಿರಿ ಚಿಕ್ಕಮ್ಮ. ನಾನು ಸರಿ ಮಾಡಿದೆ."

ಸಿಗ್ನಲ್ ಹಸಿರಾಯಿತು. ನಾನು ಬಾಯಿಬಿಟ್ಟು ಹಸಿರು ಅಂದೆನಂತೆ, ಎದುರಿಗೆ ಕೂತ ಅಜ್ಜಿ ಆಮೇಲೆ ಹೇಳಿದರು. ಗಾಡಿ ಮೆಲ್ಲಗೆ ಅಲುಗಿತು. ಅವಳು ಕಂಬಿ ಹಿಡಿದು ಜೊತೆಗೇ ನಡೆದುಬಂದಳು. ಹೇಳುವುದೆಲ್ಲ ಹೇಳಿಯಾಗಿತ್ತು. ಆದರೂ ಅಂದೆ, "ರಜೆ ಸಿಕ್ಕಿದ ತಕ್ಷಣ ಮನೆಗೆ ಬಾ."

ಅವಳು ಕಂಬಿ ಬಿಟ್ಟು ನಿಂತಳು. ಆ ಕಿತ್ತಳೆ ಅಂಗಿಯನ್ನು ತಲೆಯ ಮೇಲಿಂದ ತೆಗೆದು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ನನ್ನನ್ನೇ ನೋಡುತ್ತಾ ಸುಮ್ಮನೆ ನಿಂತಳು.